ನಮ್ಮ ಮನೆಯ ಸ್ಪೇನ್ ಗಿಟಾರು

ಊರಲ್ಲಿ ಯಾರ ಹತ್ತಿರವೂ ಇಲ್ಲದ ವಸ್ತು ನಿಮ್ಮ ಮನೆಯಲ್ಲಿದ್ದರೆ ತಮಾಷೆಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮೂವತ್ತರ ದಶಕದಲ್ಲಿ ನಾನು ಕಾರವಾರದ ಪೇಟೆಯಲ್ಲಿ ದರ್ಜಿ. ಹಡಗಿನಲ್ಲಿ ಅಡುಗೆಗಿದ್ದ ಅಕ್ಕನ ಗಂಡ ಒಂದು ಗ್ರಾಮಫೋನು, ಒಂದೇ ಒಂದು ಪ್ಲೇಟು ತಂದುಕೊಟ್ಟಿದ್ದ. ಸ್ಪೇನ್ ದೇಶದ ಗಿಟಾರು, ಫ್ಲಮೆಂಕೊ ಅನ್ನುತ್ತಾರಂತೆ. ಒಬ್ಬನೇ ಮನುಷ್ಯ, ಒಂದೇ ವಾದ್ಯ. ಬೇರೆಯವರ ಮನೆಯಲ್ಲಿ ನಾಟಕದ ಹಾಡುಗಳ ರಾಶಿಯೇ ಇರಲಿ, ಅಂಕೋಲೆಯ ತನಕ ಹುಡುಕಿದರೂ ಇದು ನನ್ನಲ್ಲಿ ಮಾತ್ರ!

೧. ಹಾಡುವವ ಎಲ್ಲಿ?

ಮೊದಲ ದಿನ ಕೇರಿಯವರೆಲ್ಲ ಜಗಲಿಯಲ್ಲಿ ಕೂತರು. ಹೆಬ್ಬೆರಳಿನ ದಪ್ಪ ಸ್ವರ ಗುಂಯ್ ಎಂದಿತು. ಮೇಲಿನ ತಂತಿಗಳು ಬಲೆಯಲ್ಲಿ ಸಿಕ್ಕ ಬಂಗಡೆಗಳ ಹಾಗೆ ಮಿಂಚಿ ಚಡಪಡಿಸಿದವು. ನನಗಂತೂ ಮೈ ಜುಮ್ಮೆಂದಿತು. ಪ್ಲೇಟು ಮುಗಿಯಿತು. ಯಾರೂ ಏಳಲಿಲ್ಲ.

ಮೀನು ಮಾರುವ ಹೆಂಗಸು ನಿಟ್ಟುಸಿರು ಬಿಟ್ಟಳು: "ಪಾಪ, ಇಷ್ಟು ಚಂದ ಶ್ರುತಿ ಮಾಡ್ಕಂಡು ಕೂತಿದ್ದ. ಹಾಡೂ ಮನುಷ್ಯ ಬರಲೇ ಇಲ್ಲ!"

೨. ಬಾಗಿಲು

ಈ ವಾದಕ ನಡುನಡುವೆ ಗಿಟಾರಿನ ಮರಕ್ಕೆ ಬೆರಳಿಂದ ಟಕ್ ಟಕ್ ಎಂದು ಬಡಿಯುತ್ತಾನೆ. ಪಕ್ಕದ ಕೋಣೆಯಲ್ಲಿದ್ದ ನನ್ನ ಅತ್ತೆ ಪ್ರತಿ ಸಲವೂ ಹೋಗಿ ಬಾಗಿಲು ತೆಗೆಯುವವರು. "ಬಡಿದು ಓಡಿಹೋಗ್ತಾರೆ, ಯಾರ ಮನೆ ಪೋಕರಿಗಳೋ!" ಎಂದು ಬೈಗುಳ ಬೇರೆ.

ಕೊನೆಗೆ ಅವರನ್ನು ಗ್ರಾಮಫೋನು ಪೆಟ್ಟಿಗೆಯ ಎದುರೇ ಕೂರಿಸಿದೆ. ಟಕ್ ಟಕ್ ಎಂದಿತು. ಅತ್ತೆಗೆ ಎಲ್ಲ ಅರ್ಥವಾಯಿತು. ಸೆರಗು ಸರಿಮಾಡಿಕೊಂಡು ಪೆಟ್ಟಿಗೆಗೆ ಹೇಳಿದರು: "ತೆಗೆದೇ ಇದೆ, ಒಳಗೆ ಬಾ."

೩. ತಂಗಿಯ ಸಂಬಂಧ

ಅಂಕೋಲೆಯಿಂದ ತಂಗಿಯನ್ನು ನೋಡಲು ಬಂದರು. ಹುಡುಗ ಒಳ್ಳೆಯವ, ತಂಗಿಗೂ ಮನಸ್ಸಿತ್ತು. ಆದರೆ ಅವನ ಅಪ್ಪ ಬಾಯಿಯೇ ಬಿಡಲೊಲ್ಲ. ಕೊಟ್ಟ ಅವಲಕ್ಕಿ ಮುಟ್ಟಲಿಲ್ಲ, ಕೇಳಿದ್ದಕ್ಕೆಲ್ಲ "ಹೂಂ" ಅಷ್ಟೇ. ಒಳಗೆ ತಂಗಿಯ ಕಣ್ಣು ತುಂಬಿತು. ಬೇರೆ ಏನೂ ತೋಚದೆ ಗ್ರಾಮಫೋನಿಗೆ ಕೀಲಿ ಕೊಟ್ಟೆ.

ಹುಡುಗನ ಅಪ್ಪ ಕಿವಿಗೊಟ್ಟ. "ಇಬ್ಬರು ಬಾರಿಸ್ತಾ ಇದ್ದಾರೆ" ಎಂದ.

"ಒಬ್ಬನೇ" ಎಂದೆ, ನಾನೇ ಬಾರಿಸಿದವನ ಹಾಗೆ.

ಪ್ಲೇಟು ನಿಂತ ಮೇಲೆ ಆತ ಅದನ್ನು ಎತ್ತಿ ಮಗುಚಿದ. "ಇನ್ನೊಬ್ಬ ಈ ಬದಿಗೆ ಕೂತಿರಬೇಕು. ಹಾಕು."

ಹಾಕಿದೆ. ಅಲ್ಲೂ ಒಬ್ಬನೇ! ಐದೂ ಬೆರಳು ಒಂದರ ಹಿಂದೊಂದು ತಂತಿಗಳ ಮೇಲೆ ಮಳೆಯ ಹಾಗೆ ಬಿದ್ದಾಗ ಆ ಗಂಟುಮುಖ ಸಡಿಲಾಯಿತು. ಕಾಲು ತಾಳ ಹಾಕಿತು. "ಇಂಥದ್ದನ್ನು ಕೂತು ಕೇಳೂ ಮನೆಯ ಹುಡುಗಿ ನಮಗೆ ಬೇಕು" ಎಂದವನೇ ಅವಲಕ್ಕಿ ತಟ್ಟೆ ಎಳೆದುಕೊಂಡ. ನನ್ನ ಹೆಮ್ಮೆ ಹೇಳತೀರದು.

ಆಗ ಮೂಲೆಯಲ್ಲಿದ್ದ ಹುಡುಗನ ಅಜ್ಜಿ ನನ್ನನ್ನು ಕೈಸನ್ನೆ ಮಾಡಿ ಕರೆದರು.

"ತಮಾ, ಅಷ್ಟೂ ಕೆಲಸ ಅವನೊಬ್ಬನೇ ಮಾಡೂದಾ?"

"ಹೌದು ಅಜ್ಜಿ, ಒಬ್ಬನೇ."

ಅಜ್ಜಿ ದನಿ ತಗ್ಗಿಸಿದರು: "ಅವನಿಗೆ ಲಗ್ನ ಆಗದೇ ಇದ್ರೆ ಹೇಳು. ನಮ್ಮ ಮೊಮ್ಮಗಳೂ ಒಬ್ಬಳಿದ್ದಾಳೆ."