ಬೋಳುಕಲ್ಲಿನ ಮೇಲೊಂದು ಹೆಸರು

ಬಾಳೂರು ಕಡೆಯ ನಮ್ಮ ತೋಟದ ಗಡಿಯಲ್ಲಿ ಬೋಳುಕಲ್ಲು ಎಂಬ ಬಂಡೆಯೊಂದಿದೆ. ಅದರಲ್ಲಿ ಅರ್ಧ ನನ್ನದು, ಇನ್ನರ್ಧ ನನ್ನ ದಾಯಾದಿ ಉಮೇಶನದು. ಅಜ್ಜಂದಿರ ಕಾಲದಲ್ಲಿ ಪಾಲಾಗುವಾಗ ಅದು ಇಬ್ಬರಿಗೂ ಬೇಡವಾಗಿತ್ತಂತೆ. ಕಾಫಿ ಬೆಳೆಯದ, ಮೆಣಸು ಹಬ್ಬದ, ದನವೂ ಏರದ ಕಲ್ಲನ್ನು ಯಾರು ತಾನೇ ಕೇಳುತ್ತಾರೆ? ಕೊನೆಗೆ ನಡುವೆ ಗೆರೆ ಎಳೆದು, ಇಬ್ಬರಿಗೂ ಸಮನಾಗಿ ನಷ್ಟವಾಗುವಂತೆ ಹಂಚಿದರು. ಹುಟ್ಟಿದ ಮೇಲೆ ನಾನೂ ಆ ಬಂಡೆಯನ್ನು ತಲೆಯೆತ್ತಿ ನೋಡಿದವನಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ, ಒಂದು ಚಳಿಗಾಲ, ಹಗ್ಗ, ಕೊಕ್ಕೆ, ಹೆಲ್ಮೆಟ್ಟುಗಳನ್ನು ಹೊತ್ತುಕೊಂಡು ಬೆಂಗಳೂರಿನಿಂದ ಒಂದು ತಂಡ ಬಂದಿಳಿಯಿತು. ಬಂಡೆ ಹತ್ತುವುದೇ ಅವರ ಹವ್ಯಾಸ. ತಂಡದ ನಾಯಕಿ ನಂದಿನಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ರಸ್ತೆಯಿಂದ ಬರುವವರಿಗೆ ಮೊದಲು ಸಿಗುವುದು ಉಮೇಶನ ಗೇಟು. “ನಿಮ್ಮ ಎಸ್ಟೇಟಿನ ಮೇಲೆ ಬಂಡೆಗೆ ಹೋಗಬಹುದಾ ಸರ್?” ಎಂದು ಅವಳು ಕೇಳಿದಳು. ಉಮೇಶ ಹೂಂ ಎಂದು ಗೇಟು ತೆಗೆದ. ಅವನು ಮಾಡಿದ ಸಾಧನೆ ಅಷ್ಟೇ. ಗೇಟು ತೆಗೆದದ್ದು!

ಅದಕ್ಕೆ ಸಿಕ್ಕ ಪ್ರತಿಫಲ ಕೇಳಿ. ಬಂಡೆ ಹತ್ತುವವರು ತಾವು ಹತ್ತಿದ ಒಂದೊಂದು ದಾರಿಗೂ ಒಂದೊಂದು ಹೆಸರಿಡುತ್ತಾರಂತೆ. ಬೋಳುಕಲ್ಲಿನ ಮೊದಲ ದಾರಿಗೆ ಅವರು ‘ಉಮೇಶ’ ಎಂದು ಹೆಸರಿಟ್ಟರು! ಜೊತೆಗೆ ಅವನಿಗೊಂದು ಕೆಂಪು ಹೆಲ್ಮೆಟ್ಟನ್ನೂ ಕೊಟ್ಟರು. ಅವನು ಅದನ್ನು ಹಾಕಿಕೊಂಡು ಹಾಲಿನ ಡೈರಿಗೂ ಬರತೊಡಗಿದ.

ನನಗೆ ಹೊಟ್ಟೆ ಉರಿಯಿತು. ಮುಚ್ಚಿಡುವುದೇಕೆ? ಚೆನ್ನಾಗಿಯೇ ಉರಿಯಿತು.

“ಅರ್ಧ ಬಂಡೆ ನಂದು ಕಣೇ. ಹೆಸರು ಮಾತ್ರ ಪೂರ್ತಿ ಅವಂದಾ?” ಎಂದು ಹೆಂಡತಿ ಸರೋಜಳ ಮುಂದೆ ಗೋಳಾಡಿದೆ.

“ಕಲ್ಲಿನ ಮೇಲೆ ಹೆಸರು ಹಾಕ್ಸೋದು ಸತ್ತೋರಿಗೆ. ನಿಮ್ಗೆಂತಕ್ಕೆ ಈಗ್ಲೇ ಅರ್ಜೆಂಟು?” ಎಂದು ಅವಳು ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು.

ಮರುವರ್ಷ ಡಿಸೆಂಬರಿನಲ್ಲಿ ತಂಡ ಮತ್ತೆ ಬಂತು. ಊರವರಿಗೆ ಬಂಡೆ ಹತ್ತುವ ಬಗ್ಗೆ ತಿಳಿವಳಿಕೆ ಕೊಡಲೆಂದು ಉಮೇಶನ ಕಾಫಿ ಕಣದಲ್ಲೇ ಒಂದು ಸಭೆ ಇಟ್ಟರು. ಕರೆಯದೇ ಇದ್ದರೂ ಹೋದೆ, ಅಂದರೆ ಕರೆದಿದ್ದರು, ಆದರೆ ಉಮೇಶನ ಕೈಲಿ ಹೇಳಿಕಳಿಸಿದ್ದರಿಂದ ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಂದಿನಿ ಒಂದು ಗಂಟೆ ಮಾತಾಡಿದಳು. ಒಬ್ಬರೇ ಹತ್ತಬಾರದು, ಹೋಗುವ ಮೊದಲು ಮನೆಯಲ್ಲಿ ಹೇಳಬೇಕು, ಹಗ್ಗ ಪರೀಕ್ಷಿಸಬೇಕು, ಇಳಿಯುವ ದಾರಿ ಗೊತ್ತಿಲ್ಲದೆ ಏರಲೇಬಾರದು, ಸಿಕ್ಕಿಹಾಕಿಕೊಂಡರೆ ಕೂಡಲೇ ಕೂಗಬೇಕು. ಇದೆಲ್ಲ ಅವಳು ಹೇಳಿದ್ದೇ ಅಂತೆ. ನನಗೆ ಆಮೇಲೆ ಬೇರೆಯವರಿಂದ ಗೊತ್ತಾಯಿತು. ಯಾಕೆಂದರೆ ಆ ಒಂದು ಗಂಟೆಯೂ ನಾನು ಮುಂದಿನ ಕುರ್ಚಿಯಲ್ಲಿ ಕೂತಿದ್ದ ಕೆಂಪು ಹೆಲ್ಮೆಟ್ಟನ್ನೇ ನೋಡುತ್ತಿದ್ದೆ.

ನನ್ನ ಕಿವಿಗೆ ಬಿದ್ದದ್ದು ಮೂರೇ ಸಂಗತಿ. ಒಂದು, ಕೈ ಜಾರದಿರಲು ಬಿಳಿ ಪುಡಿ ಹಚ್ಚಿಕೊಳ್ಳುತ್ತಾರೆ. ಎರಡು, ಶೂ ಕಾಲಿಗೆ ಬಿಗಿಯಾಗಿರಬೇಕು. ಮೂರು, ಹೊಸ ದಾರಿಯಲ್ಲಿ ಮೊದಲು ಯಾರು ಹತ್ತುತ್ತಾರೋ ಹೆಸರಿಡುವ ಹಕ್ಕು ಅವರದು.

ಮೂರನೆಯದನ್ನು ಕೇಳಿದ ಮೇಲೆ ಉಳಿದದ್ದು ಯಾರಿಗೆ ಬೇಕು?

ಮರುದಿನ ಬೆಳಿಗ್ಗೆಯೇ ತಯಾರಾದೆ. ತಂಡದವರು ಹೊರನಾಡಿನ ದೇವಸ್ಥಾನಕ್ಕೆ ಹೋಗಿದ್ದರು, ಸಂಜೆ ಬರುವವರು. ಅಷ್ಟರೊಳಗೆ ನನ್ನ ಪಾಲಿನ ಬಂಡೆಯನ್ನು ಹತ್ತಿ, ನೆತ್ತಿಯಲ್ಲಿ ಒಂದು ಟವೆಲ್ ಕಟ್ಟಿಬಿಟ್ಟರೆ ‘ಸುರೇಶ’ ಎಂಬ ದಾರಿ ಖಾಯಂ! ಬಿಳಿ ಪುಡಿ ನಮ್ಮ ಗೋಡೌನಿನಲ್ಲೇ ಇತ್ತು. ಕಾಫಿ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತಂದು ಉಳಿದಿದ್ದ ಸುಣ್ಣ! ಒಂದು ಚೀಲಕ್ಕೆ ತುಂಬಿಕೊಂಡೆ. ಬಿಗಿಯಾದ ಶೂ ಬೇಕಲ್ಲ, ಹಾಸ್ಟೆಲಿನಲ್ಲಿದ್ದ ಮಗ ಬಿಟ್ಟುಹೋಗಿದ್ದ ಹಳೆಯ ಕ್ಯಾನ್ವಾಸ್ ಶೂ ಸಿಕ್ಕಿತು. ನನಗಿಂತ ಎರಡು ಸೈಜು ಚಿಕ್ಕದು. ಹಾಕಿಕೊಂಡಾಗ ಕಣ್ಣಲ್ಲಿ ನೀರು ಬಂತು. ಬಿಗಿ ಎಂದರೆ ಇದೇ ಇರಬೇಕೆಂದು ಸಮಾಧಾನವಾಯಿತು.

ಬಂಡೆಯ ಕೆಳಭಾಗ ನುಣುಪು. ಅಲ್ಲಿ ಹಿಡಿತವೇ ಇಲ್ಲ. ಆದರೆ ಮೆಣಸು ಬೆಳೆಯುವವನಿಗೆ ಅದೂ ಒಂದು ಸಮಸ್ಯೆಯೇ? ನಮ್ಮಲ್ಲಿ ಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿ ಇದೆ. ಅದನ್ನು ಹೊತ್ತು ತಂದು ಬಂಡೆಗೆ ಆನಿಸಿದೆ. ಏಣಿ ಮುಗಿದ ಜಾಗದಲ್ಲಿ ನಮ್ಮ ಮನೆಯ ಜಗಲಿಯಷ್ಟು ಅಗಲದ ಒಂದು ಚಾಚು. ಅದರ ಮೇಲೆ ಎರಡೂ ಕೈ ಊರಿ, ಏಣಿಯನ್ನು ಕಾಲಿನಿಂದ ಬಲವಾಗಿ ಒದ್ದು ಮೇಲಕ್ಕೆ ಜಿಗಿದೆ. ನಾನು ಮೇಲೆ ಹೋದೆ. ಏಣಿ ಕೆಳಗೆ ಹೋಯಿತು!

ಮೇಲೆ ನೋಡಿದರೆ ಗೋಡೆಯಂತಹ ಬಂಡೆ. ಚಾಚಿನ ಒಂದು ಬದಿಗೆ ಲಂಟಾನದ ದಟ್ಟ ಮೆಳೆ. ಕೆಳಗೆ ಮಲಗಿರುವ ಏಣಿ. ಕೈಯ ಬೆವರಿಗೆ ಸುಣ್ಣ ಕಲೆತು ಚುರುಚುರು ಶುರುವಾಯಿತು. ಊದಿದ ಕಾಲಿನಿಂದ ಶೂ ಬಿಚ್ಚಲೂ ಆಗಲಿಲ್ಲ. ಬಿಚ್ಚಬೇಕಾದ ಕೈಗಳೇ ಉರಿಯುತ್ತಿದ್ದವು!

ಆಗಲೇ ಕೆಳಗೆ ಯಾರೋ ಬರುವ ಸದ್ದಾಯಿತು. ದೇವರೇ ಕಳಿಸಿದನೆಂದು ಬಾಯಿ ತೆರೆದು ಬಗ್ಗಿ ನೋಡಿದೆ. ಕೆಂಪು ಹೆಲ್ಮೆಟ್ಟು!

ತೆರೆದ ಬಾಯಿಯನ್ನು ಹಾಗೇ ಮುಚ್ಚಿದೆ. ಜಗತ್ತಿನಲ್ಲಿ ಯಾರು ಬೇಕಾದರೂ ನನ್ನನ್ನು ಇಳಿಸಲಿ, ಆದರೆ ಉಮೇಶ ಮಾತ್ರ ಬೇಡ. ಹೊಟ್ಟೆ ಅಡಿ ಮಾಡಿ ಬಂಡೆಗೆ ಅಂಟಿಕೊಂಡು, ಉಸಿರು ಬಿಗಿಹಿಡಿದು ಮಲಗಿದೆ. ಅವನು ನಡೆದು ಹೋಗುತ್ತಾನೆ, ಆಮೇಲೆ ಬೇರೆ ಯಾರನ್ನಾದರೂ ಕೂಗಿದರಾಯಿತು ಎಂಬುದು ನನ್ನ ಲೆಕ್ಕಾಚಾರ.

ಅವನು ನಡೆದು ಹೋಗಲಿಲ್ಲ. ಏಣಿಯ ಹತ್ತಿರ ನಿಂತ. ತಿರುಗಿಸಿ ನೋಡಿದ. ನಮ್ಮ ತೋಟದ ಏಣಿಗಳಿಗೆಲ್ಲ ನೀಲಿ ಬಣ್ಣದ ಪಟ್ಟಿ ಬಳಿದಿರುತ್ತೇವೆ, ಗುರುತಿಗೆ. ಆ ಪಟ್ಟಿ ಕಂಡಿತು. ಪಕ್ಕದಲ್ಲೇ ಅವನ ತೋಟದ ಮೆಣಸಿನ ಬಳ್ಳಿಗಳು.

“ಓಹೋ! ಗಡಿ ದಾಟಿ ನನ್ ಮೆಣಸಿಗೇ ಏಣಿ ಇಡ್ತಾರಾ? ತಡಿ ಇವ್ರಿಗೆ!” ಎಂದು ಗೊಣಗಿ, ಏಣಿಯನ್ನು ಹೆಗಲಿಗೇರಿಸಿಕೊಂಡು ಸೀದಾ ನಮ್ಮ ಮನೆಯ ಕಡೆ ಹೊರಟ.

ನನ್ನ ಕಣ್ಣೆದುರೇ ನನ್ನ ಏಣಿ ಹೋಗುತ್ತಿದೆ! ಒಂದು ಮಾತು ಕೂಗಿದ್ದರೆ ಸಾಕಿತ್ತು. ನಾನು ಕೂಗಲಿಲ್ಲ. ನನ್ನ ಮಾನ ಉಳಿಯಿತು. ಏಣಿ ಉಳಿಯಲಿಲ್ಲ.

ಮುಂದಿನದನ್ನು ಸರೋಜ ಹೇಳಿದಂತೆ ಬರೆಯುತ್ತಿದ್ದೇನೆ. ಉಮೇಶ ಅಂಗಳದಲ್ಲಿ ಏಣಿಯನ್ನು ದೊಪ್ಪೆಂದು ಹಾಕಿ, “ಅತ್ತಿಗೆ, ಸುರೇಶಣ್ಣ ಎಲ್ಲಿ? ನಿಮ್ ಆಳುಗಳು ನನ್ ಮೆಣಸು ಕದೀತಿದಾರೆ,” ಎಂದನಂತೆ. ಸರೋಜ ಏಣಿ ನೋಡಿದಳು. ಗೋಡೌನಿನಿಂದ ಬಾಗಿಲವರೆಗೆ ಚೆಲ್ಲಿದ್ದ ಸುಣ್ಣ ನೋಡಿದಳು. ಮಗನ ಶೂ ಇಲ್ಲದ ಮೂಲೆ ನೋಡಿದಳು. ಆಮೇಲೆ ಕೇಳಿದಳಂತೆ:

“ಆ ಹುಡ್ಗಿ ನಿನ್ನೆ ಸಭೇಲಿ ಎಂತ ಹೇಳಿದ್ಲು ಮಾರಾಯ? ಮೊದ್ಲು ಹತ್ತಿದೋರ ಹೆಸರಿಡ್ತಾರೆ ಅಂತನಾ?”

“ಹೌದು.”

“ಹಂಗಾರೆ ಕಳ್ಳ ಅಲ್ಲ. ನಮ್ಮನೆಯೋರು.”

ಅರ್ಧ ಗಂಟೆಯಲ್ಲಿ ಬಂಡೆಯ ಕೆಳಗೆ ಜಾತ್ರೆ ನೆರೆಯಿತು. ಎರಡೂ ತೋಟದ ಕಾಫಿ ಹಣ್ಣು ಕೊಯ್ಯುವ ಹೆಂಗಸರು ಕೆಲಸ ಬಿಟ್ಟು ಬಂದು ಸೆರಗು ಬಾಯಿಗೆ ಒತ್ತಿಕೊಂಡು ನಿಂತರು. ನಡುವೆ ಉಮೇಶ. ತಲೆಯಲ್ಲಿ ಹೆಲ್ಮೆಟ್ಟು, ಹೆಗಲಲ್ಲಿ ತಂಡದವರು ಅವನ ಮನೆಯಲ್ಲಿ ಇಟ್ಟುಹೋಗಿದ್ದ ಹಗ್ಗ. ಸಭೆಯಲ್ಲಿ ಕಲಿತದ್ದನ್ನು ಚಾಚೂ ತಪ್ಪದೆ ಪಾಲಿಸಿದ.

“ಗಾಯ ಆಗಿದ್ಯಾ ಸುರೇಶಣ್ಣ? ಕೆಳಗೆ ನೋಡ್ಬೇಡ. ಹೆದರ್ಬೇಡ, ನಾನಿದೀನಿ!”

ನಾನಿದೀನಿ! ಸುಣ್ಣ ಕೂಡ ನನ್ನನ್ನು ಅಷ್ಟು ಸುಟ್ಟಿರಲಿಲ್ಲ.

ಅವನು ಹಗ್ಗ ಎಸೆದ. ಅದು ಹೋಗಿ ಕಾಡುಗೇರಿನ ಮರಕ್ಕೆ ಸಿಕ್ಕಿಕೊಂಡಿತು. ಮತ್ತೆ ಎಸೆದ. ಅವನ ಹೆಲ್ಮೆಟ್ಟಿನ ಮೇಲೇ ಬಿತ್ತು. ನನಗೆ ಆ ಸ್ಥಿತಿಯಲ್ಲೂ ಸ್ವಲ್ಪ ಖುಷಿಯಾಯಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಇವನು ಸೋಲಲಿ, ಬೇಕಾದರೆ ನಾನು ಇಲ್ಲೇ ಇರುತ್ತೇನೆ ಎಂದುಕೊಳ್ಳುತ್ತಿರುವಾಗ ಬೆನ್ನ ಹಿಂದೆ ಲಂಟಾನದ ಮೆಳೆ ಸರಸರ ಅಲುಗಿತು.

ಮೆಳೆಯೊಳಗಿಂದ ಸರೋಜ ಹೊರಬಂದಳು. ಹವಾಯಿ ಚಪ್ಪಲಿ, ಕೈಯಲ್ಲಿ ನೀರಿನ ಚೆಂಬು, ಸೊಂಟದಲ್ಲಿ ಸೌದೆ ಕತ್ತಿ. ಉಸಿರು ಕೂಡ ಜೋರಾಗಿರಲಿಲ್ಲ.

“ನೀನು… ಹೆಂಗ್ ಬಂದೆ?”

“ನಡ್ಕೊಂಡು. ನಮ್ ತೋಟದೊಳಗಿಂದ್ಲೇ ದಾರಿ ಇದೆ. ಹೆಂಗಸ್ರೆಲ್ಲ ಸೌದೆಗೆ ಬರೋದು ಇಲ್ಲಿಗೇ. ಇಪ್ಪತ್ತು ವರ್ಷದಿಂದ ಬರ್ತಿದೀನಿ. ನಿಮ್ ತೋಟದ ಬೇಲಿ ನೀವೊಂದ್ ಸಲನಾದ್ರೂ ಸುತ್ತಿದ್ರೆ ಗೊತ್ತಾಗ್ತಿತ್ತು. ಉಮೇಶನ ಬೇಲಿ ಕಾಯೋದೇ ಆಯ್ತು ನಿಮ್ಗೆ. ಏಳಿ, ಕೈ ತೋರ್ಸಿ.”

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕೈ ತೊಳೆಸಿಕೊಂಡು, ಶೂ ಕತ್ತರಿಸಿ ತೆಗೆಸಿಕೊಂಡು, ಬರಿಗಾಲಿನಲ್ಲಿ ಹೆಂಡತಿಯ ಹಿಂದೆ ಮನೆಗೆ ಬಂದೆ. ಹತ್ತು ನಿಮಿಷವೂ ಆಗಲಿಲ್ಲ.

ಸಂಜೆ ನಂದಿನಿ ಬಂದಳು. ಬೊಬ್ಬೆ ಎದ್ದ ನನ್ನ ಕೈಗಳನ್ನು ನೋಡಿ ಪಾಪ ಎಂದಳು. ಆದರೆ ಲಂಟಾನದ ಹಿಂದಿನ ದಾರಿಯ ಸುದ್ದಿ ಕೇಳಿದ್ದೇ ತಡ, ಅವಳಿಗೆ ನನ್ನ ಕೈ ಮರೆತೇಹೋಯಿತು. ಮೇಲಿನಿಂದ ಹಗ್ಗ ಕಟ್ಟಲು, ಆಪತ್ತು ಬಂದರೆ ಜನರನ್ನು ಇಳಿಸಲು ಅಂಥದ್ದೊಂದು ದಾರಿಯನ್ನೇ ಅವರು ವರ್ಷದಿಂದ ಹುಡುಕುತ್ತಿದ್ದರಂತೆ. ಸರೋಜ ಅವಳನ್ನು ಕರೆದುಕೊಂಡು ಹೋಗಿ ತೋರಿಸಿಯೂ ಬಂದಳು.

ಮುಂದಿನ ಬಾರಿ ಬರುವಾಗ ಅವರು ಬೋಳುಕಲ್ಲಿನ ನಕ್ಷೆ ಬರೆದು ಜೆರಾಕ್ಸ್ ಮಾಡಿಸಿ ತಂದರು. ಬಂಡೆಯ ಚಿತ್ರದ ಮೇಲೆ ಎರಡು ಗೆರೆ, ಪಕ್ಕಪಕ್ಕದಲ್ಲಿ. ಎಡಗಡೆ ‘ಉಮೇಶ’. ಬಲಗಡೆ ‘ಸರೋಜ’. ಮದುವೆಯ ಕರೆಯೋಲೆಯಲ್ಲಿ ಅಚ್ಚು ಹಾಕಿಸಿದ ಹಾಗೆ!

ನನ್ನ ಮುಖ ನೋಡಿ ನಂದಿನಿಗೆ ಕನಿಕರ ಹುಟ್ಟಿರಬೇಕು. “ನಿಮ್ಮ ಹೆಸರೂ ಇದೆ ಅಂಕಲ್,” ಎಂದು ಕಾಗದದ ನಡುವೆ ಬೆರಳಿಟ್ಟಳು. ಕನ್ನಡಕ ಹಾಕಿಕೊಂಡು ನೋಡಿದೆ. ನಾನು ಅಂದು ಅಂಟಿಕೊಂಡು ಮಲಗಿದ್ದ ಚಾಚಿನ ಮೇಲೆ ಪುಟ್ಟದೊಂದು ಇಂಟು ಗುರುತು. ಪಕ್ಕದಲ್ಲಿ ಸಣ್ಣ ಅಕ್ಷರ: ‘ಸುರೇಶ. ಇಲ್ಲಿ ಹತ್ತಬಾರದು.’

ಸರೋಜ ಆ ನಕ್ಷೆಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ನಮ್ಮ ಮದುವೆ ಫೋಟೋದ ಪಕ್ಕದಲ್ಲೇ ತೂಗುಹಾಕಿದ್ದಾಳೆ. ಮೊದಲೆಲ್ಲ ಯುಗಾದಿಗೊಮ್ಮೆ ಬರುತ್ತಿದ್ದ ಉಮೇಶ ಈಗ ವಾರಕ್ಕೊಮ್ಮೆ ಕಾಫಿಗೆ ಬರುತ್ತಾನೆ. ಬಂದವನು ಅದರ ಎದುರಿನ ಕುರ್ಚಿಯಲ್ಲೇ ಕೂರುತ್ತಾನೆ.