ಮೂರು ಪದದ ಕಟ್ಟಪ್ಪಣೆ

ಬೋರ್ಡು ಬರೆಯುವವನಿಗೆ ಉದ್ದ ಮಾತೆಂದರೆ ಆಗದು. 'ತಳ್ಳಿ', 'ಎಳೆಯಿರಿ', 'ಉಗುಳಬೇಡಿ' ಎಂದು ಇಪ್ಪತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ಮಹಾನುಭಾವ ಆತ. ಹೆಂಡತಿಯ ಮೆಸೇಜೋ, ಪಕ್ಕದ ಮನೆ ಬೆಕ್ಕಿನಿಂದ ಶುರುವಾಗಿ, ಅವಳಮ್ಮನ ಮಂಡಿನೋವು ಹಾದು, ಕೊನೆಯ ಸಾಲಿನಲ್ಲಿ 'ಹಾಲು ತನ್ನಿ' ಎನ್ನುತ್ತಿತ್ತು. (ಅಲ್ಲಿಯವರೆಗೆ ಓದುವಷ್ಟರಲ್ಲಿ ಅಂಗಡಿ ಮುಚ್ಚಿರುತ್ತಿತ್ತು.) ಕಳೆದ ವಾರ ಆತ ಕಟ್ಟಪ್ಪಣೆ ಹೊರಡಿಸಿದ: "ಇನ್ಮೇಲೆ ಮೂರೇ ಪದ. ನಾಲ್ಕನೇದನ್ನ ನಾನೂ ಓದಲ್ಲ, ನೀನೂ ಓದಬೇಕಾಗಿಲ್ಲ."

"ಆಯ್ತು," ಎಂದಳು ಹೆಂಡತಿ. ಅಷ್ಟು ಸುಲಭವಾಗಿ ಒಪ್ಪಿದಾಗಲೇ ಆತ ಹೆದರಬೇಕಿತ್ತು.

ಇವತ್ತು ಹಲ್ಲಿನ ಡಾಕ್ಟರ ಗೋಡೆಯ ಮೇಲೆ 'ಭಯ ಬೇಡ' ಎಂದು ಬರೆಯುತ್ತಿದ್ದಾಗ ಫೋನು ಕುಂಯ್‌ಗುಟ್ಟಿತು.

'ಅಟ್ಟದ ಡಬ್ಬ ಸಿಕ್ಕಿತು.'

ಅಟ್ಟದ ಮೇಲೆ ಆತ ಬಚ್ಚಿಟ್ಟ ಡಬ್ಬಗಳು ಮೂರು. ಒಂದರಲ್ಲಿ, ಜೊತೆಗೇ ಇರುವ ಅತ್ತೆ ತೀರಿಹೋದ ಯಜಮಾನರ ನೆನಪಿಗೆಂದು ಜೋಪಾನ ಮಾಡಿದ್ದ ಗಡಿಯಾರದ ಚೂರುಗಳು. ('ರಿಪೇರಿಗೆ ಕೊಟ್ಟಿದೀನಿ' ಎಂದು ಹೇಳಿ ಎರಡು ವರ್ಷವಾಯಿತು.) ಇನ್ನೊಂದರಲ್ಲಿ ಹೆಂಡತಿ ಹೆಣೆದುಕೊಟ್ಟ, ಈಗ ಬಣ್ಣ ಒರೆಸುವ ಬಟ್ಟೆಯಾಗಿರುವ ಸ್ವೆಟರು. ಮೂರನೆಯದರಲ್ಲಿ ಆಣೆ ಮಾಡಿ ಬಿಟ್ಟಿದ್ದ ಸಿಗರೇಟು.

'ಯಾವ ಡಬ್ಬ?'

'ಮನೆಗೆ ಬನ್ನಿ, ತೋರಿಸ್ತೀನಿ.'

ಗೋಡೆಯ ಮೇಲೆ ಅಂಕುಡೊಂಕಾಗಿ ಮೂಡಿದ 'ಭಯ' ನೋಡಿ ರೋಗಿಯೊಬ್ಬರು ಎದ್ದೇ ಹೋದರು. ಇನ್ನು ಮನೆಯಲ್ಲಿ ತನ್ನ ಮಾತನ್ನು ಯಾರೂ ನಂಬುವುದಿಲ್ಲವೆಂದು ಆತನಿಗೆ ಅಳುವೇ ಬಂತು. ಏಣಿಯ ಮೇಲೇ ಕೂತು, ಮೂರೂ ಡಬ್ಬಗಳ ಪಾಪವನ್ನು ಪಶ್ಚಾತ್ತಾಪ ಸಮೇತ ಸವಿಸ್ತಾರವಾಗಿ ಬರೆದು ಕಳಿಸಿದ. ಜನ್ಮದಲ್ಲಿ ಅಷ್ಟುದ್ದ ಬರೆದವನಲ್ಲ.

ಉತ್ತರ ಬಂತು: 'ಸರಿ.'

ಬೈದಿದ್ದರೂ ಆತ ಅಷ್ಟು ಬೆವರುತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿ ನಗುನಗುತ್ತಾ ಡಬ್ಬ ಕೈಗಿಟ್ಟಳು. "ವಾರದಿಂದ ಹುಡುಕ್ತಿದ್ರಲ್ಲ, ನಿಮ್ಮ ಸಣ್ಣ ಬ್ರಶ್ಶಿನ ಡಬ್ಬ!"

"ಹಾಗಂತ ಬರೀಬಾರದಿತ್ತಾ?"

"'ಸಣ್ಣ ಬ್ರಶ್ಶಿನ ಡಬ್ಬ ಸಿಕ್ಕಿತು' ಅಂದ್ರೆ ನಾಲ್ಕು ಪದ ಆಗುತ್ತಲ್ಲ."

"ನನ್ನ... ಮೆಸೇಜು?"

"ನಿಮ್ಮದೇ ಅಪ್ಪಣೆ ಅಲ್ವಾ? ಮೂರು ಪದ ಓದಿ ನಿಲ್ಲಿಸ್ದೆ. 'ದಯವಿಟ್ಟು ಕೋಪ ಮಾಡ್ಕೋಬೇಡ' ಅಂತಿತ್ತು. 'ಸರಿ' ಅಂದೆ."

ಆತನಿಗೆ ಹೋದ ಜೀವ ಬಂದಂತಾಯಿತು.

"ಅಮ್ಮನಿಗೆ ಆ ಅಪ್ಪಣೆ ಇಲ್ವಲ್ಲ," ಎಂದಳು ಹೆಂಡತಿ. "ಹೊತ್ತು ಹೋಗ್ತಿಲ್ಲ ಅಂತಿದ್ರು, ಫೋನು ಕೊಟ್ಟೆ. ಎರಡು ಸಲ ಓದಿದ್ರು."

ಒಳಕೋಣೆಯ ಬಾಗಿಲು ತೆರೆಯಿತು. ಮಾತಿಗೆ ಸಿಕ್ಕರೆ ಅರ್ಧ ಗಂಟೆ ಬಿಡದ ಅತ್ತೆ, ಇವತ್ತು ಅಳಿಯನ ಕಟ್ಟಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸಿದರು.

"ಅಳಿಯಂದಿರೇ, ಗಡಿಯಾರ ತನ್ನಿ."

ಇನ್ನೊಂದು ನಾಲ್ಕು ಮಾತು ಬೈಯಬಾರದೇ ಎಂದು ಆತನ ಜೀವ ಅಂಗಲಾಚಿತು.