ರತ್ನಿಗೆ ಸೋಮವಾರದೊಳಗೆ ನೆನಪು ಬರಿಸುವ ಬಗ್ಗೆ

ಧಾರಾವಾಹಿ ಕಥಾ ಸಂರಕ್ಷಣಾ ಇಲಾಖೆ
ಪ್ರಾದೇಶಿಕ ಕಚೇರಿ, ಚಿತ್ರದುರ್ಗ

ಸಂಖ್ಯೆ: ಧಾಕಸಂ/ನೆನಪು/ಹೊಸದುರ್ಗ/2025-26

ವಿಷಯ: ಚೆನ್ನಾಗಿ ನಡೆಯುತ್ತಿದ್ದ ‘ಉಣ್ಣೆಯ ಎಳೆ’ ಧಾರಾವಾಹಿಯನ್ನು ಕಥೆಗಾರರೇ ಕೆಡಿಸಿರುವ ಕುರಿತು.

ಉಲ್ಲೇಖ: ಹೊಸದುರ್ಗ ತಾಲ್ಲೂಕಿನ ಕುರಿ ಸಾಕಣೆದಾರರಾದ ಶ್ರೀಮತಿ ಬರಗೇರಮ್ಮನವರ ಮೌಖಿಕ ದೂರು (ಕಚೇರಿಯ ಟೀವಿ ಆರಿಸಿ ಆಲಿಸಲಾಗಿದೆ).

ಸದರಿ ಧಾರಾವಾಹಿಯಲ್ಲಿ ಕುರಿಗಾಹಿ ಮನೆಯ ಸೊಸೆ ರತ್ನಿ ಉಣ್ಣೆ ಸಂಘದ ಚುನಾವಣೆಗೆ ನಿಲ್ಲಲು ಹೊರಟಿದ್ದು, ಅವಳ ಅತ್ತೆಯೇ ಬೆನ್ನಿಗೆ ನಿಂತಿದ್ದಳು. ಇದನ್ನು ಕಂಡು ಬರಗೇರಮ್ಮನವರ ಮನಸ್ಸೂ ಕರಗಿ, ರತ್ನಿ ನಾಮಪತ್ರ ಹಾಕುವ ದಿನವೇ ತಮ್ಮ ಸೊಸೆ ಮಮತಾಳಿಂದಲೂ ಊರಿನ ಉಣ್ಣೆ ಸಂಘಕ್ಕೆ ಹಾಕಿಸುವುದಾಗಿ ಬೀರಪ್ಪ ದೇವರ ಭಂಡಾರದ ಅರಿಶಿನ ಮುಟ್ಟಿ ಮಾತು ಕೊಟ್ಟಿದ್ದರು. ಭಂಡಾರ ಮುಟ್ಟಿದ ಮೇಲೆ ಮುಗಿಯಿತು, ಹಿಂದೆ ಸರಿಯುವಂತಿಲ್ಲ, ರತ್ನಿಗಿಂತ ಮುಂಚೆ ಹಾಕಿಸುವಂತೆಯೂ ಇಲ್ಲ. ಅಷ್ಟರಲ್ಲಿ ಕಥೆಗಾರರು ರತ್ನಿಯನ್ನು ಮೆಟ್ಟಿಲಿಂದ ಉರುಳಿಸಿ ನೆನಪು ಕಳೆದಿರುತ್ತಾರೆ. ಅಂದಿನಿಂದ ಆಕೆ ಸೀರೆ ಬದಲಿಸುತ್ತಿರುವುದನ್ನು ಬಿಟ್ಟರೆ ಯಾವ ಪ್ರಗತಿಯೂ ಕಂಡುಬಂದಿಲ್ಲ. ಊರಿನ ಸಂಘಕ್ಕೆ ನಾಮಪತ್ರ ಸಲ್ಲಿಸಲು ಬರುವ ಸೋಮವಾರವೇ ಕಡೆಯ ದಿನ. ಆದ್ದರಿಂದ ಸಂಬಂಧಪಟ್ಟ ಕಥೆಗಾರರಿಗೆ ಈ ಕೆಳಕಂಡಂತೆ ಕಟ್ಟಪ್ಪಣೆ ಮಾಡಲಾಗಿದೆ:

1. ನಾಯಕಿಯ ತಲೆಗೆ ಪೆಟ್ಟು ಬೀಳುವ ಮುನ್ನ ಇಲಾಖೆಯ ಅನುಮತಿ ಪಡೆಯತಕ್ಕದ್ದು. ಗಂಡ ಮರೆತುಹೋದರೂ ಅರ್ಧ ತುಂಬಿದ ನಾಮಪತ್ರ ನೆನಪಿರತಕ್ಕದ್ದು.

2. ಗಂಡ ಮೀಸೆ ಬೋಳಿಸಿದ ಮಾತ್ರಕ್ಕೆ ಹೆಂಡತಿಗೆ ಗುರುತು ಸಿಗದಿರುವುದನ್ನು ನಿಷೇಧಿಸಲಾಗಿದೆ. ಈ ಬಗ್ಗೆ ದೂರುದಾರರ ಹೇಳಿಕೆ: “ನೂರು ಕುರಿಯಾಗೆ ಮರಿ ತನ್ನವ್ವನ್ನ ಹುಡುಕ್ಕಂತೈತೆ. ಇವಳಿಗೆ ಕಟ್ಕಂಡ ಗಂಡ ಗೊತ್ತಾಗಲ್ವಂತೆ, ಥೂ.” ಕೊನೆಯ ಪದವನ್ನು ಕಡತದಿಂದ ತೆಗೆಯಲು ಇಲಾಖೆಗೆ ಮನಸ್ಸು ಬಂದಿರುವುದಿಲ್ಲ.

3. ಈವರೆಗೆ ಸುಳಿವೇ ಇಲ್ಲದ ಅವಳಿ ತಂಗಿ ಚಿಕ್ಕಜಾಜೂರಿನಲ್ಲಿ ರೈಲಿಳಿದು ಬಂದಲ್ಲಿ, ಕುರಿಗಳಿಗೆ ಹಾಕುವಂತೆ ಕಿವಿಗುರುತು ಹಾಕಿಸಿದ ನಂತರವೇ ಮನೆಯೊಳಗೆ ಬಿಡತಕ್ಕದ್ದು.

4. ಬಂಗಾರದಂತಿದ್ದ ಅತ್ತೆ ಏಕಾಏಕಿ ಪಾಯಸಕ್ಕೆ ವಿಷ ಬೆರೆಸುವಂತಿಲ್ಲ. ಅನಿವಾರ್ಯವಾದಲ್ಲಿ, ಮುಂಚಿತವಾಗಿ ಒಂದು ವಾರ ಸಾರಿಗೆ ಉಪ್ಪು ಹೆಚ್ಚು ಹಾಕಿ ಪ್ರೇಕ್ಷಕರಿಗೆ ನೋಟಿಸು ನೀಡತಕ್ಕದ್ದು.

5. ಕೆನ್ನೆಗೆ ಬಿದ್ದ ಒಂದು ಏಟಿಗೆ ಮನೆಮಂದಿಯ ಮುಖವನ್ನೆಲ್ಲ ಸರದಿಯಂತೆ ತೋರಿಸುವಾಗ ಕುರಿಗಳನ್ನು ಕೈಬಿಡತಕ್ಕದ್ದು. ಅವಕ್ಕೆ ಮೇಯುವ ಕೆಲಸವಿರುತ್ತದೆ.

6. ಸೋಮವಾರದೊಳಗೆ ನೆನಪು ಬಾರದಿದ್ದಲ್ಲಿ, ರತ್ನಿ ನಿದ್ದೆಗಣ್ಣಿನಲ್ಲಾದರೂ ನಾಮಪತ್ರ ಹಾಕತಕ್ಕದ್ದು.

ಷರಾ: ವಿಚಾರಣೆಯಲ್ಲಿ ಕಥೆಗಾರರು, ಹೆಣ್ಣು ಗೆದ್ದರೆ ಕಥೆ ಮುಗಿದುಹೋಗುತ್ತದೆ, ಅತ್ತರೆ ವರ್ಷಗಟ್ಟಲೆ ಓಡುತ್ತದೆ ಎಂದು ಸಮಜಾಯಿಷಿ ನೀಡಿರುತ್ತಾರೆ. ಬರಗೇರಮ್ಮನವರಿಗೆ ಮೈ ಉರಿದುಹೋಯಿತು. ಅತ್ತೆಯ ಜೊತೆ ಬಂದಿದ್ದ ಮಮತಾ ಆಗ ಎದ್ದು ನಿಂತು, “ನೆನಪು ಹೋಗಿರಾದು ರತ್ನಿಗೆ ಕಣತ್ತೆ. ನಂಗೆ ಎಲ್ಲಾ ನೆನಪೈತೆ” ಎಂದಿದ್ದು ದಾಖಲಾಗಿದೆ. ಬರಗೇರಮ್ಮನವರು ಸೊಸೆಯ ನಾಮಪತ್ರ ಹಾಕಿಸಲು ಎದ್ದೇಬಿಟ್ಟರು. ಭಂಡಾರದ ಮಾತಿನ ಗತಿಯೇನೆಂದು ಇಲಾಖೆ ಕೇಳಲಾಗಿ, “ಬೀರಪ್ಪ ಧಾರಾವಾಹಿ ನೋಡ್ತಾನೇನ್ರಿ? ನಡಿಯೇ, ಹೋಗಾಣ” ಎಂದು, ಚಪ್ಪಲಿ ಮೆಟ್ಟಿಕೊಂಡು ಸೊಸೆಯೊಂದಿಗೆ ಹೊರಟಿರುತ್ತಾರೆ. ದೂರು ವಾಪಸು ಪಡೆದಿಲ್ಲವಾದ್ದರಿಂದ ಸುತ್ತೋಲೆ ಜಾರಿಯಲ್ಲಿರುತ್ತದೆ.

ಸಹಿ/-
(ಹನುಮಂತರಾಜು)
ಕಥಾ ನಿರೀಕ್ಷಕರು (ಪ್ರಭಾರ)

ಪ್ರತಿಗಳು:
1. ಕಥೆಗಾರರಿಗೆ, ಅಳದೆ ಓದಿಕೊಳ್ಳಲು.
2. ಬೀರಪ್ಪ ದೇವರ ಪೂಜಾರಿಗೆ, ದೇವರಿಗೆ ಓದಿ ಹೇಳಲು.
3. ಶ್ರೀಮತಿ ಬರಗೇರಮ್ಮನವರಿಗೆ. ಸೊಸೆಯ ಪರ ಮತ ಕೇಳಲು ಹೋಗಿರುವ ಕಾರಣ ಮನೆ ಬಾಗಿಲಿಗೆ ಅಂಟಿಸಲಾಗಿದೆ.
4. ರತ್ನಿಗೆ, ನೆನಪು ಬಂದ ಮೇಲೆ. ಅಷ್ಟರಲ್ಲಿ ಮಮತಾ ಅಧ್ಯಕ್ಷೆಯಾಗಿದ್ದಲ್ಲಿ ಅವರನ್ನೇ ಭೇಟಿ ಮಾಡತಕ್ಕದ್ದು.